ನಂದಿಯ ಏರುದಾರಿ: ಅಂದು ಫಿರಂಗಿಗೆ, ಇಂದು ಓಟಗಾರರಿಗೆ

ವಾರಾಂತ್ಯದಲ್ಲಿ ಬೆಳಕು ಹರಿಯುವ ಮುನ್ನವೇ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಹಲವು ಓಟಗಾರರು ಉತ್ತರದ ಹಾದಿ ಹಿಡಿಯುತ್ತಾರೆ. ಟಿಪ್ಪು ಸುಲ್ತಾನ್ ಹುಟ್ಟಿದ ಕೋಟೆಯೂರು ದೇವನಹಳ್ಳಿ ದಾಟಿದರೆ ನಂದಿಬೆಟ್ಟ ಎದುರಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ, ನಂದಿಯ ನೆತ್ತಿ 1,478 ಮೀಟರ್. ಅಲ್ಲಿಗೆ ಮುಖ್ಯವಾಗಿ ಎರಡು ದಾರಿಗಳು. ಒಂದು, ಸುಲ್ತಾನ್‌ಪೇಟೆಯಿಂದ ಏರುವ ಹಳೆಯ ಕಲ್ಲುಮೆಟ್ಟಿಲು. ಇನ್ನೊಂದು, ತಿರುವು ತಿರುವಾಗಿ ಸಾಗುವ ಡಾಂಬರು ರಸ್ತೆ. ಮೆಟ್ಟಿಲ ದಾರಿ ಹತ್ತಿರದ್ದಾದರೂ ಬಲು ಕಡಿದು. ರಸ್ತೆ ಸುತ್ತುಬಳಸಾದರೂ ಅದೇ ಎತ್ತರವನ್ನು ಹಲವು ಕಿ.ಮೀ.ಗಳಿಗೆ ಹಂಚುವುದರಿಂದ ಓಡಲು ಸಾಧ್ಯ.

ಬೆಟ್ಟದ ಈ ಕಡಿದಾದ ಮೈಯೇ ಒಂದು ಕಾಲಕ್ಕೆ ನಂದಿದುರ್ಗದ ಬಲವಾಗಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪಶ್ಚಿಮದ ಇಳಿಜಾರಿನಲ್ಲಿ ಫಿರಂಗಿಗಳನ್ನು ಮೇಲೆಳೆಯಲು ಹೆಣಗಿತು. ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ, ಅಕ್ಟೋಬರ್ 19ರಂದು ಕೋಟೆ ಬಿತ್ತು.

ಇಂದಿನ ಓಟಗಾರರಿಗೂ ಬೆಟ್ಟ ಸುಲಭವಾಗಿ ಮಣಿಯುವುದಿಲ್ಲ. ಏರು ಉಸಿರನ್ನು ಪರೀಕ್ಷಿಸಿದರೆ, ಇಳಿಜಾರು ಮೊಣಕಾಲನ್ನು ಪರೀಕ್ಷಿಸುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಮರುದಿನ ಕಾಲು ಹಿಡಿದುಕೊಳ್ಳುವುದು ಇದರಿಂದಲೇ. ಆದ್ದರಿಂದ ಅನುಭವಿಗಳು ಇಳಿಯುವಾಗ ಹೆಜ್ಜೆಯನ್ನು ಚಿಕ್ಕದಾಗಿಡುತ್ತಾರೆ. ಮಂಜು ಕವಿದ ಮುಂಜಾವಿನಲ್ಲಿ ತಿರುವಿನಾಚೆಯ ವಾಹನ ಕಾಣದು. ಅಲ್ಲಿ ವೇಗಕ್ಕಿಂತ ಎಚ್ಚರ ಮುಖ್ಯ. ನೆತ್ತಿ ಮುಟ್ಟಿದಾಗ ಓಟ ಮುಗಿದಿರುವುದು ಅರ್ಧ ಮಾತ್ರ.