ಸೂರ್ಯನ ಹಾಡನ್ನು ತಿದ್ದಿದ ಇಬ್ಬರು ಜಾನ್‌ಗಳು



ಹಾಡಿನಲ್ಲಿ ಕಲಿತದ್ದು ಬೇಗ ಮರೆಯೋದಿಲ್ಲ. ಒಂದನೇ ತರಗತಿಯ ಪದ್ಯ ಈಗಲೂ ನಮಗೆ ಬಾಯಿಪಾಠ ಇದೆ. ಆದರೆ ಹಾಡಿನಲ್ಲೇ ತಪ್ಪು ಇದ್ದರೆ? ತಪ್ಪೂ ಹಾಗೇ ಬಾಯಿಪಾಠ ಆಗಿಬಿಡುತ್ತದೆ! ಇಂಥ ಒಂದು ತಪ್ಪನ್ನು ಅಮೆರಿಕದ ಒಂದು ತಮಾಷೆಯ ಸಂಗೀತ ತಂಡ ಹೇಗೆ ತಿದ್ದಿತು ಎಂದು ಈಗ ತಿಳಿಯೋಣ.

ತಂಡದ ಹೆಸರು ‘ದೇ ಮೈಟ್ ಬಿ ಜೈಂಟ್ಸ್’. ‘ಅವರು ದೈತ್ಯರೂ ಇರಬಹುದು’ ಅಂತ ಅದರ ಅರ್ಥ. ಹೆದರಬೇಡಿ, ಅದು 1971ರ ಒಂದು ಸಿನಿಮಾದ ಹೆಸರು. 1982ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಬ್ಬರು ಗೆಳೆಯರು ಈ ತಂಡ ಕಟ್ಟಿದರು. ಇಬ್ಬರ ಹೆಸರೂ ಜಾನ್! ಜಾನ್ ಫ್ಲಾನ್ಸ್‌ಬರ್ಗ್ ಗಿಟಾರ್ ನುಡಿಸುತ್ತಾರೆ. ಜಾನ್ ಲಿನೆಲ್ ಅಕಾರ್ಡಿಯನ್ ನುಡಿಸುತ್ತಾರೆ. ಅಕಾರ್ಡಿಯನ್ ಅಂದರೆ ನಮ್ಮ ಹಾರ್ಮೋನಿಯಂನ ತಮ್ಮ ಇದ್ದ ಹಾಗೆ. ಅದರಲ್ಲೂ ಗಾಳಿ ತುಂಬುವ ತಿದಿ, ಮನೆಗಳು ಇರುತ್ತವೆ. ಆದರೆ ಅದನ್ನು ಎದೆಗೆ ತೂಗು ಹಾಕಿಕೊಂಡು ನುಡಿಸುತ್ತಾರೆ. ರಾಕ್ ಸಂಗೀತ ಅಂದರೆ ಗಿಟಾರ್, ಡ್ರಮ್ ಎಲ್ಲಾ ಸೇರಿದ ಜೋರು ಸಂಗೀತ. ಅದರಲ್ಲಿ ಅಕಾರ್ಡಿಯನ್ ಬಳಸುವವರು ಕಡಿಮೆ.

1980ರ ದಶಕದಲ್ಲಿ ಒಮ್ಮೆ ಲಿನೆಲ್ ಅವರ ಮಣಿಕಟ್ಟು ಮುರಿಯಿತು. ಫ್ಲಾನ್ಸ್‌ಬರ್ಗ್ ಅವರ ಮನೆಯಲ್ಲಿ ಕಳ್ಳತನ ಆಯಿತು. ಕಾರ್ಯಕ್ರಮ ಕೊಡೋದು ನಿಂತುಹೋಯಿತು. ಆಗ ಅವರು ಸುಮ್ಮನೆ ಕೂರಲಿಲ್ಲ. ಹಾಡುಗಳನ್ನು ಫೋನಿಗೆ ಜೋಡಿಸಿದ ಟೇಪ್ ಯಂತ್ರದಲ್ಲಿ ತುಂಬಿಸಿ, ಫೋನ್ ನಂಬರನ್ನು ಪೇಪರಿನಲ್ಲಿ ಹಾಕಿಸಿದರು. ಯಾರು ಫೋನ್ ಮಾಡಿದರೂ ಆ ಕಡೆಯಿಂದ ಒಂದು ಹಾಡು ಕೇಳುತ್ತಿತ್ತು! ಇದಕ್ಕೆ ‘ಡಯಲ್-ಎ-ಸಾಂಗ್’ ಅಂತ ಹೆಸರು.

ಮೊದಲು ಇವರು ದೊಡ್ಡವರಿಗಾಗಿ ಹಾಡುತ್ತಿದ್ದರು. 2002ರಲ್ಲಿ ‘ನೋ!’ ಎಂಬ ಮಕ್ಕಳ ಹಾಡುಗಳ ಸಂಗ್ರಹ ತಂದರು. 2005ರಲ್ಲಿ ಇಂಗ್ಲಿಷ್ ಅಕ್ಷರಗಳ ಹಾಡು, 2008ರಲ್ಲಿ ಅಂಕಿಗಳ ಹಾಡು ಬಂದವು. ಅಂಕಿಗಳ ಹಾಡಿಗೆ 2009ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ‘ಹಿಯರ್ ಕಮ್ಸ್ ಸೈನ್ಸ್’ ಎಂಬ ವಿಜ್ಞಾನದ ಹಾಡುಗಳ ಸಂಗ್ರಹ ಬಂತು. ಅದರಲ್ಲಿ ರಕ್ತ ಪರಿಚಲನೆ, ಮೂಲವಸ್ತುಗಳು, ಗ್ರಹಗಳು, ಬಣ್ಣಗಳು ಎಲ್ಲದರ ಮೇಲೂ ಹಾಡು ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 1959ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ ಬಾಹ್ಯಾಕಾಶದ ಹಾಡುಗಳ ಒಂದು ರೆಕಾರ್ಡ್ ಬಂದಿತ್ತು. ಸೂರ್ಯ ಏಕೆ ಹೊಳೆಯುತ್ತಾನೆ ಎಂಬ ಹಾಡು ಅದರಲ್ಲಿತ್ತು. ಬರೆದವರು ಹೈ ಜರೆಟ್, ರಾಗ ಹಾಕಿದವರು ಲೂ ಸಿಂಗರ್. ಇಬ್ಬರು ಜಾನ್‌ಗಳೂ ಈ ಹಾಡನ್ನು 1993ರಲ್ಲಿ ಮತ್ತೆ ಹಾಡಿದರು. ಸೂರ್ಯನಲ್ಲಿ ಹೈಡ್ರೋಜನ್ ಹೀಲಿಯಂ ಆಗುತ್ತದೆ ಎಂದು ಹಾಡು ಹೇಳುತ್ತದೆ. ಇದು ಸರಿ. ಸೂರ್ಯ ಸೌದೆಯ ಹಾಗೆ ಉರಿಯೋದಿಲ್ಲ. ಹೈಡ್ರೋಜನ್ ಪರಮಾಣುಗಳ ಬೀಜಗಳು ಒಂದಕ್ಕೊಂದು ಕೂಡಿ ಹೀಲಿಯಂ ಆಗುವಾಗ ಶಕ್ತಿ ಹೊರಬರುತ್ತದೆ. ಆದರೆ ಅದೇ ಹಾಡು ಸೂರ್ಯನನ್ನು ಅನಿಲದ ಮುದ್ದೆ ಅನ್ನುತ್ತದೆ. ಇಲ್ಲೇ ಇರೋದು ತಪ್ಪು!

ನಾವು ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳನ್ನು ಓದಿದ್ದೇವೆ. ನಾಲ್ಕನೆಯದು ಒಂದಿದೆ, ಅದೇ ಪ್ಲಾಸ್ಮಾ. ಮಂಜುಗಡ್ಡೆ ಕಾಯಿಸಿದರೆ ನೀರು, ನೀರು ಕಾಯಿಸಿದರೆ ಆವಿ ಆಗುತ್ತದೆ. ಅನಿಲವನ್ನು ಇನ್ನೂ ಸಾವಿರಾರು ಡಿಗ್ರಿ ಕಾಯಿಸಿದರೆ ಏನಾಗುತ್ತದೆ? ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತುಕೊಂಡು ಹೋಗುತ್ತವೆ. ಹೀಗೆ ವಿದ್ಯುತ್ ಅಂಶವುಳ್ಳ ಕಣಗಳು ಬೆರೆತಿರುವುದೇ ಪ್ಲಾಸ್ಮಾ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಕೇಂದ್ರ ಸುಮಾರು 1.5 ಕೋಟಿ ಡಿಗ್ರಿ. ಅಷ್ಟು ಬಿಸಿಯಲ್ಲಿ ಅನಿಲ ಅನಿಲವಾಗಿ ಉಳಿಯೋದು ಹೇಗೆ? ಪ್ಲಾಸ್ಮಾ ನಮಗೂ ದೂರ ಇಲ್ಲ. ಮಿಂಚು ಪ್ಲಾಸ್ಮಾ. ಉರಿಯುವ ಹಳೆಯ ಬಗೆಯ ಟ್ಯೂಬ್‌ಲೈಟಿನ ಒಳಗೂ ಪ್ಲಾಸ್ಮಾ ಇರುತ್ತದೆ.

ಜಾನ್‌ಗಳು ಏನು ಮಾಡಿದರು ಗೊತ್ತೇ? ಹಳೆಯ ಹಾಡನ್ನು ಎಸೆಯಲಿಲ್ಲ, ತಪ್ಪನ್ನು ಮುಚ್ಚಿಡಲೂ ಇಲ್ಲ. 2009ರ ಸಂಗ್ರಹದಲ್ಲಿ ಹಳೆಯ ಹಾಡು ಹಾಕಿ, ಅದರ ಪಕ್ಕದಲ್ಲೇ ಹೊಸ ಹಾಡು ಹಾಕಿದರು. ಹೊಸ ಹಾಡಿನ ಹೆಸರು ‘ಸೂರ್ಯ ನಿಜವಾಗಿ ಏಕೆ ಹೊಳೆಯುತ್ತಾನೆ?’ ಅಂತ. ಸೂರ್ಯ ಅನಿಲ ಅಲ್ಲ, ಪ್ಲಾಸ್ಮಾ ಎಂದು ಅದು ಹೇಳುತ್ತದೆ. ಕೇಳುವ ಮಗುವಿಗೆ ಎರಡೂ ಸಿಗುತ್ತವೆ. ಮೊದಲು ಹೀಗೆ ಅಂದುಕೊಂಡಿದ್ದರು, ಆಮೇಲೆ ಹೀಗೆ ತಿದ್ದಿದರು ಅಂತ ಗೊತ್ತಾಗುತ್ತದೆ. ವಿಜ್ಞಾನ ಬೆಳೆಯೋದೂ ಹೀಗೇ ಅಲ್ಲವೇ?

‘ಚಿಕ್ಕ ಮಕ್ಕಳಿಗೆ ಅಷ್ಟು ಸರಿಯಾಗಿ ಹೇಳಿದರೆ ಅರ್ಥ ಆಗೋದಿಲ್ಲ, ಏನೋ ಒಂದು ಹೇಳಿದರಾಯ್ತು’ ಅಂತ ಕೆಲವು ದೊಡ್ಡವರು ತಿಳಿಯುತ್ತಾರೆ. ಈ ತಂಡ ಹಾಗೆ ತಿಳಿಯಲಿಲ್ಲ. ತಮಾಷೆ ಮಾಡಿದರು, ಆದರೆ ಮಕ್ಕಳಿಗೆ ನಿಜವನ್ನೇ ಕೊಟ್ಟರು. ಗೆಳೆಯರೇ, ನೀವೂ ಪಾಠದ ಮೇಲೆ ಹಾಡು ಕಟ್ಟಿರಿ. ಪ್ರಾಸ ಸರಿ ಇದೆಯಾ ಅಂತ ನೋಡುವ ಹಾಗೆ, ವಿಷಯ ಸರಿ ಇದೆಯಾ ಅಂತಲೂ ನೋಡಿರಿ.

ನೆನಪಿಡಿ:
ಘನ – ಕಲ್ಲು
ದ್ರವ – ನೀರು
ಅನಿಲ – ಗಾಳಿ
ಪ್ಲಾಸ್ಮಾ – ಸೂರ್ಯ, ಮಿಂಚು