ನೋಡುವವರ ಗುಟ್ಟು ಕಾಯುವ ನಕ್ಷೆ

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣ ಭಾಗದಲ್ಲಿ ಸೊನೊರಾ ಮರುಭೂಮಿ ಹಬ್ಬಿದೆ. ಮೆಕ್ಸಿಕೋ ಗಡಿ ದಾಟಿ ಕಾಲ್ನಡಿಗೆಯಲ್ಲಿ ಬರುವವರಲ್ಲಿ ಎಷ್ಟೋ ಮಂದಿ ಅಲ್ಲಿ ನೀರು ಸಿಗದೆ ಸಾಯುತ್ತಾರೆ. ಟೂಸಾನ್ ನಗರದಲ್ಲಿ 2000ದಲ್ಲಿ ಹುಟ್ಟಿದ ‘ಹ್ಯೂಮೇನ್ ಬಾರ್ಡರ್ಸ್’ ಸಂಘಟನೆ ಆ ದಾರಿಗಳಲ್ಲಿ ನೀಲಿ ಬಾವುಟ ನೆಟ್ಟು ನೀರಿನ ಪೀಪಾಯಿಗಳನ್ನು ಇಡುತ್ತ ಬಂದಿದೆ. ನೀರು ಎಲ್ಲಿದೆ, ಜನ ಎಲ್ಲಿ ಸತ್ತಿದ್ದಾರೆ, ದಿನಕ್ಕೆ ಎಷ್ಟು ದೂರ ನಡೆಯಲಾದೀತು ಎಂದು ತೋರಿಸುವ ನಕ್ಷೆಯನ್ನೂ ಅದು ಮಾಡಿತು. 2006ರ ಜನವರಿಯಲ್ಲಿ ಮೆಕ್ಸಿಕೋದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇಂಥ ಸುಮಾರು 70,000 ನಕ್ಷೆಗಳನ್ನು ಹಂಚಲು ಹೊರಟಿತು. ಅಮೆರಿಕ ಸರ್ಕಾರ ಆಕ್ಷೇಪಿಸಿತು. ಕೆಲವೇ ದಿನಗಳಲ್ಲಿ ಆಯೋಗ ಹಿಂದೆ ಸರಿಯಿತು. ವಲಸಿಗರು ಎಲ್ಲಿ ಸೇರುತ್ತಾರೆ ಎಂಬುದನ್ನು ಅವರನ್ನು ವಿರೋಧಿಸುವ ಗುಂಪುಗಳಿಗೂ ಇದೇ ನಕ್ಷೆ ಹೇಳಿಬಿಡುತ್ತದೆ ಎಂಬ ಆತಂಕ ಅದು ಕೊಟ್ಟ ಕಾರಣ.

ಕಾಗದದ ನಕ್ಷೆಗೆ ಇದ್ದ ಅಪಾಯ ಇಷ್ಟೇ. ಅದನ್ನು ಯಾರು ಬಿಡಿಸಿ ನೋಡಿದರು, ಯಾವ ಮೂಲೆಯ ಮೇಲೆ ಬೆರಳಿಟ್ಟರು ಎಂಬುದು ಅಚ್ಚು ಹಾಕಿದವರಿಗೆ ಗೊತ್ತಾಗುವ ಹಾಗಿರಲಿಲ್ಲ. ಜಾಲತಾಣದ ನಕ್ಷೆಯಲ್ಲಿ ಅದೂ ಗೊತ್ತಾಗುತ್ತದೆ. ವಲಸಿಗರ ಹಕ್ಕಿಗಾಗಿ ದುಡಿಯುವವರು ಮೊದಲು ಅರಿಯಬೇಕಾದ ಸಂಗತಿ ಇದು.

ತೆರೆಯ ಮೇಲೆ ಅಖಂಡವಾಗಿ ಕಾಣುವ ನಕ್ಷೆ ನಿಜದಲ್ಲಿ ಸಣ್ಣ ಸಣ್ಣ ಚೌಕಗಳ ಜೋಡಣೆ. ಇವಕ್ಕೆ ಟೈಲ್ ಎನ್ನುತ್ತಾರೆ. ಸೊನ್ನೆಯ ಹಂತದಲ್ಲಿ ಇಡೀ ಭೂಮಿ ಒಂದೇ ಟೈಲ್. ಒಂದು ಹಂತ ಹಿಗ್ಗಿಸಿದಂತೆಲ್ಲ ಟೈಲುಗಳು ನಾಲ್ಕು ಪಟ್ಟಾಗುತ್ತವೆ. ಹತ್ತನೆಯ ಹಂತಕ್ಕೆ ಹತ್ತು ಲಕ್ಷ ದಾಟುತ್ತವೆ. ನೀವು ನಕ್ಷೆಯನ್ನು ಎಳೆದಾಗಲೆಲ್ಲ ಬ್ರೌಸರು ಆ ಜಾಗದ ಟೈಲುಗಳನ್ನು ಸಂಖ್ಯೆ ಹೇಳಿ ಸರ್ವರಿನಿಂದ ಕೇಳಿ ತರಿಸುತ್ತದೆ. ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಒಬ್ಬ ತಾಯಿ ಮನೆಯ ಹತ್ತಿರ ಉಚಿತ ಕಾನೂನು ನೆರವು ಎಲ್ಲಿದೆ ಎಂದು ಹುಡುಕುತ್ತಾಳೆ ಎನ್ನಿ. ಹದಿನಾರನೆಯ ಹಂತದಲ್ಲಿ ಅಲ್ಲಿನ ಒಂದು ಟೈಲ್ ಸುಮಾರು 530 ಮೀಟರ್ ಅಗಲದ ನೆಲ, ಅಂದರೆ ನಾಲ್ಕಾರು ಬೀದಿ. ಆಕೆಯ ಐಪಿ ವಿಳಾಸ, ಗಂಟೆ ನಿಮಿಷ ಸೆಕೆಂಡು, ಆ ಬೀದಿಗಳ ಟೈಲ್ ಸಂಖ್ಯೆ, ಬಹಳ ಸಲ ಯಾವ ತಾಣದಿಂದ ಕೇಳಿಕೆ ಬಂತು ಎಂಬುದು ಕೂಡ, ಅಪಾರ್ಟ್‌ಮೆಂಟಿನ ಗೇಟಿನ ರಿಜಿಸ್ಟರಿನಲ್ಲಿ ಬರೆದ ಹಾಗೆ ಸರ್ವರಿನ ಲಾಗ್‌ನಲ್ಲಿ ಒಂದು ಸಾಲಾಗಿ ಉಳಿಯುತ್ತವೆ. ಆ ಸರ್ವರು ಯಾವುದೋ ದೊಡ್ಡ ಕಂಪನಿಯದಾದರೆ ಸಾಲೂ ಅವರದೇ.

ಇದು ಅತಿಯಾದ ಅನುಮಾನವಲ್ಲ. ಮೊಬೈಲ್ ಟವರುಗಳು ಕೂಡಿಟ್ಟ ಓಡಾಟದ ಚರಿತ್ರೆ ಬೇಕಾದರೆ ಪೊಲೀಸರು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ತರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಹೇಳಿತು. ಆದರೆ 2020ರ ಫೆಬ್ರುವರಿಯಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಇನ್ನೊಂದು ದಾರಿಯನ್ನು ಬಯಲಿಗೆಳೆಯಿತು: ‘ಐಸ್’ ಎಂದು ಹೆಸರಾದ ವಲಸೆ ಜಾರಿ ಸಂಸ್ಥೆಯೂ ಗಡಿ ಇಲಾಖೆಯೂ ಫೋನುಗಳ ಸ್ಥಳ ಮಾಹಿತಿಯನ್ನು ವ್ಯಾಪಾರಿಗಳಿಂದ ದುಡ್ಡು ಕೊಟ್ಟು ಕೊಳ್ಳುತ್ತಿದ್ದವು. ಎಲ್ಲೋ ಸಂಗ್ರಹವಾದ ಮಾಹಿತಿ ಒಂದಲ್ಲ ಒಂದು ದಿನ ಮಾರಾಟಕ್ಕೆ ಬರಬಹುದು ಎಂದೇ ಎಣಿಸಿ ಕೆಲಸ ಮಾಡಬೇಕು.

ದಾರಿಯಂತೂ ಇದೆ, ದುಬಾರಿಯೂ ಅಲ್ಲ. ಸ್ಟೀವ್ ಕೋಸ್ಟ್ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಲಕ್ಷಾಂತರ ಸ್ವಯಂಸೇವಕರು ಕಟ್ಟಿದ ಭೂಪಟ ಭಂಡಾರ. ನಮ್ಮ ಊರುಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಯಾರು ಬೇಕಾದರೂ ಅದಕ್ಕೆ ಸೇರಿಸಬಹುದು. ಕೀವ್‌ನ ವೊಲೊದಿಮಿರ್ ಅಗಾಫೊಂಕಿನ್ 2011ರಲ್ಲಿ ಬಿಡುಗಡೆ ಮಾಡಿದ ‘ಲೀಫ್ಲೆಟ್’ ಆ ಭೂಪಟವನ್ನು ಪುಟದ ಮೇಲೆ ಮೂಡಿಸುವ ಪುಟ್ಟ ತಂತ್ರಾಂಶ. 2020ರ ಕೊನೆಯಲ್ಲಿ ಮ್ಯಾಪ್‌ಬಾಕ್ಸ್ ಕಂಪನಿ ತನ್ನ ನಕ್ಷೆ ತಂತ್ರಾಂಶದ ಮುಕ್ತ ಪರವಾನಗಿಯನ್ನು ಕೈಬಿಟ್ಟಾಗ, ಹಳೆಯ ಮುಕ್ತ ಆವೃತ್ತಿಯನ್ನೇ ಹಿಡಿದು ಬಳಕೆದಾರರು ‘ಮ್ಯಾಪ್‌ಲಿಬ್ರೆ’ ಕಟ್ಟಿಕೊಂಡರು.

ಇಲ್ಲೇ ಬಹಳ ಜನ ಎಡವುವುದು. ತಂತ್ರಾಂಶ ಮುಕ್ತವಾಗಿದೆ ಎಂದ ಮಾತ್ರಕ್ಕೆ ನೋಡುವವರ ಗುಟ್ಟು ಉಳಿಯುವುದಿಲ್ಲ. ಲೀಫ್ಲೆಟ್ ಬಳಸಿ, ಟೈಲುಗಳನ್ನು ಮಾತ್ರ ಹೊರಗಿನ ಸರ್ವರಿನಿಂದ ತರಿಸಿದರೆ ಆ ತಾಯಿಯ ಸಾಲು ಅಲ್ಲಿಗೇ ಹೋಗುತ್ತದೆ. ಟೈಲುಗಳು ಸಂಘಟನೆಯ ಸ್ವಂತ ಸರ್ವರಿನಲ್ಲೇ ಇರಬೇಕು. ಹಿಂದೆ ಇದಕ್ಕೆ ದೊಡ್ಡ ಯಂತ್ರವೇ ಬೇಕಿತ್ತು. ಈಗ ‘ಪಿಎಂಟೈಲ್ಸ್’ ಎಂಬ ವಿಧಾನದಲ್ಲಿ ಎಲ್ಲ ಟೈಲುಗಳೂ ಒಂದೇ ಕಡತದಲ್ಲಿ ಕೂರುತ್ತವೆ. ಬ್ರೌಸರು ತನಗೆ ಬೇಕಾದ ತುಣುಕನ್ನಷ್ಟೇ ಅದರಿಂದ ಎತ್ತಿಕೊಳ್ಳುತ್ತದೆ. ಇಡೀ ಭೂಮಿಯ ಕಡತ ನೂರು ಗಿಗಾಬೈಟ್ ದಾಟುತ್ತದೆ, ನಿಜ. ಒಂದು ಊರಿನದು ಎಷ್ಟೋ ಚಿಕ್ಕದು. ಅದನ್ನು ಇಡಿಯಾಗಿ ಒಮ್ಮೆಗೇ ಇಳಿಸಿಕೊಳ್ಳುವಂತೆ ಮಾಡಿದರೆ ಯಾವ ಬೀದಿಯನ್ನು ನೋಡಿದರು ಎಂಬುದು ಸ್ವಂತ ಸರ್ವರಿಗೂ ತಿಳಿಯದು. ಲಾಗ್ ಬರೆಯುವುದನ್ನು ನಿಲ್ಲಿಸಬೇಕು, ಸರ್ವರ್ ಬಾಡಿಗೆಗೆ ಕೊಟ್ಟವರು ಏನು ದಾಖಲಿಸುತ್ತಾರೆಂದು ಕೇಳಬೇಕು. ನಕ್ಷೆಯ ಮೇಲಿನ ಅಕ್ಷರಗಳ ಫಾಂಟು ಕೂಡ ಹೊರಗಿನಿಂದ ಬರಬಾರದು. ವಿಳಾಸ ಹುಡುಕುವ ಪೆಟ್ಟಿಗೆಯಂತೂ ಟೈಲಿಗಿಂತ ಬಾಯಿಬಡುಕ, ಟೈಪಿಸಿದ ಮನೆ ನಂಬರನ್ನೇ ರವಾನಿಸಿಬಿಡುತ್ತದೆ. ಅದರ ಬದಲು ನೆರವು ಕೇಂದ್ರಗಳ ಪಟ್ಟಿಯನ್ನೇ ಪುಟದೊಳಗೆ ಇಟ್ಟು, ಹುಡುಕಾಟ ಬ್ರೌಸರಿನಲ್ಲೇ ಮುಗಿಯುವಂತೆ ಮಾಡಬಹುದು.

ಇನ್ನು ನಕ್ಷೆಯ ಮೇಲಿಡುವ ಗುರುತುಗಳು. ಅಕ್ಷಾಂಶವನ್ನು ಐದು ದಶಮಾಂಶ ಸ್ಥಾನದವರೆಗೆ ಕೊಟ್ಟರೆ ಮನೆಯ ಬಾಗಿಲೇ ಸಿಗುತ್ತದೆ, ಸುಮಾರು ಒಂದು ಮೀಟರ್. ಮೂರು ಸ್ಥಾನಕ್ಕೆ 110 ಮೀಟರ್, ಎರಡಕ್ಕೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಐಸ್ ದಾಳಿ ನಡೆಯಿತೆಂದು ಸುದ್ದಿ ಕೊಟ್ಟವರ ಗುರುತನ್ನು ಎರಡು ಸ್ಥಾನಕ್ಕೆ ಇಳಿಸಿ, ಸುದ್ದಿ ನಿಜವೇ ಎಂದು ವಿಚಾರಿಸಿ, ತುಸು ತಡವಾಗಿಯೇ ಹಾಕುವುದು ಒಳ್ಳೆಯದು. ತೆರೆಯ ಮೇಲೆ ದೊಡ್ಡ ವೃತ್ತ ಬರೆದು ಮರೆಮಾಚಿದೆವು ಎಂದುಕೊಳ್ಳುವವರಿದ್ದಾರೆ. ಒಳಗಿನ ಕಡತದಲ್ಲಿ ನಿಖರ ಸಂಖ್ಯೆ ಹಾಗೇ ಇದ್ದರೆ ಬ್ರೌಸರ್ ಬಲ್ಲ ಯಾರಾದರೂ ನಿಮಿಷದಲ್ಲಿ ತೆಗೆದು ಓದುತ್ತಾರೆ. ಪ್ರಕಟಿಸುವ ಮೊದಲೇ ಕಡತದಲ್ಲಿ ಅಂಕಿಗಳನ್ನು ಕತ್ತರಿಸಬೇಕು, ಫೋಟೋದೊಳಗೆ ಅಡಗಿರುವ ಸ್ಥಳದ ಗುರುತನ್ನೂ ಅಳಿಸಬೇಕು.

ಎಲ್ಲವನ್ನೂ ಮಸುಕು ಮಾಡಬೇಕೆಂದಲ್ಲ. ಸರ್ಕಾರದ ಬಂಧನ ಕೇಂದ್ರಗಳು, 1996ರ ಕಾಯ್ದೆ ತಂದ 287(ಜಿ) ವಿಧಿಯಡಿ ಐಸ್ ಜೊತೆ ಒಪ್ಪಂದ ಮಾಡಿಕೊಂಡ ಸ್ಥಳೀಯ ಪೊಲೀಸರು, ಇವು ಸಾರ್ವಜನಿಕ ಸಂಗತಿಗಳು. ಇವನ್ನು ಎಷ್ಟು ಸ್ಪಷ್ಟವಾಗಿ ತೋರಿಸಿದರೂ ಸಾಲದು. 2018ರಲ್ಲಿ ಗಡಿಯಲ್ಲಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುತ್ತಿದ್ದಾಗ ಅಧ್ಯಾಪಕರು, ಗ್ರಂಥಪಾಲಕರು ಸೇರಿ ಸಾರ್ವಜನಿಕ ದಾಖಲೆಗಳಿಂದ ಕಟ್ಟಿದ ‘ಟಾರ್ನ್ ಅಪಾರ್ಟ್’ ನಕ್ಷೆಗಳು ಬಂಧನ ವ್ಯವಸ್ಥೆ ಎಷ್ಟು ದೂರ ಹಬ್ಬಿದೆ ಎಂದು ತೋರಿಸಿದವು. ಹ್ಯೂಮೇನ್ ಬಾರ್ಡರ್ಸ್ ಮತ್ತು ಟೂಸಾನ್ ಇರುವ ಪೀಮಾ ಕೌಂಟಿಯ ಶವಪರೀಕ್ಷಾ ಕಚೇರಿ ಜೊತೆಗೂಡಿ ನಡೆಸುವ ಜಾಲ ನಕ್ಷೆಯಲ್ಲಿ ಮರುಭೂಮಿಯ ನಾಲ್ಕು ಸಾವಿರಕ್ಕೂ ಹೆಚ್ಚು ಸಾವುಗಳಿವೆ; ಶವ ಸಿಕ್ಕ ಜಾಗ, ದಿನ, ತಿಳಿದಿದ್ದರೆ ಹೆಸರು, ಸ್ಥಳದ ಗುರುತು ಎಷ್ಟು ನಿಖರ ಎಂಬ ಟಿಪ್ಪಣಿಯೂ ಇದೆ. ಮನೆಯವರನ್ನು ಹುಡುಕುತ್ತಿರುವ ಕುಟುಂಬಕ್ಕೆ ಅಲ್ಲಿ ಮಸುಕು ಮಾಡಿದರೆ ದ್ರೋಹವಾದೀತು.

2025ರ ಅಕ್ಟೋಬರಿನಲ್ಲಿ ಸರ್ಕಾರದ ಒತ್ತಾಯದ ಮೇಲೆ ಆ್ಯಪಲ್ ಕಂಪನಿ, ಐಸ್ ಅಧಿಕಾರಿಗಳು ಕಂಡ ಜಾಗವನ್ನು ಜನ ಗುರುತಿಸುತ್ತಿದ್ದ ‘ಐಸ್‌ಬ್ಲಾಕ್’ ಎಂಬ ಆ್ಯಪನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ಜಾಲತಾಣದ ನಕ್ಷೆಗೆ ಅಂಥ ಅಂಗಡಿಯ ಹಂಗಿಲ್ಲ; ಕಡತವೂ ತಂತ್ರಾಂಶವೂ ಕೈಯಲ್ಲೇ ಇದ್ದವರು ನಕ್ಷೆಯನ್ನು ಬೇರೆ ಸರ್ವರಿಗೆ ಸಾಗಿಸಿ ಮತ್ತೆ ತೆರೆಯಬಲ್ಲರು. ಆದರೂ ಸಭೆ ಕೂತಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಈ ಮಾಹಿತಿಗೆ ನಕ್ಷೆ ಬೇಕೇ ಎಂಬುದನ್ನು. ಫೋನಿನಲ್ಲೇ ಸಲಹೆ ಕೊಡುವ ವಕೀಲರ ನಂಬರಿಗೆ ಬೀದಿಯ ಗುರುತು ಏಕೆ? ಕೌಂಟಿವಾರು ಪಟ್ಟಿ ಮಾಡಿ, ಸ್ಪ್ಯಾನಿಷ್‌ನಲ್ಲೂ ಪಂಜಾಬಿಯಲ್ಲೂ ಅಚ್ಚು ಹಾಕಿಸಿ, ಚರ್ಚು ಗುರುದ್ವಾರಗಳ ಬಾಗಿಲಲ್ಲಿ ಹಂಚಿದರೆ ಸಾಕು.