ನೀರಿಗೆ ಇಳಿಯುವ ಮುನ್ನ ಏಣಿಯನ್ನು ನೋಡಿ

ಭಿವಂಡಿ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಸ್ಕೂಬಾ ಡೈವಿಂಗ್ ಈಗ ದೂರದ ಮಾತಲ್ಲ. ನಾಲ್ಕು ದಿನ ರಜೆ ಸಿಕ್ಕರೆ ಮಾಲ್ವಣ, ತಾರ್ಕರ್ಲಿ. ಊರಿನ ಕಡೆ ಹೊರಟರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ನೇತ್ರಾಣಿ ದ್ವೀಪ. ಎಷ್ಟು ಆಳಕ್ಕೆ ಹೋಗುತ್ತೀರಿ, ಉಸಿರು ಕಟ್ಟಿದರೆ ಏನು ಗತಿ ಎಂದು ಮನೆಯವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಮೊದಲ ಬಾರಿ ಇಳಿಯುವವರ ಪಕ್ಕದಲ್ಲಿ ನೀರಿನೊಳಗೆ ತರಬೇತುದಾರ ಇದ್ದೇ ಇರುತ್ತಾನೆ. ಅಲೆಯ ಹೊಡೆತವೂ ಕೆಳಕ್ಕೆ ಹೋದಷ್ಟು ಕಡಿಮೆಯಾಗುತ್ತದೆ. ಕಡಲು ಎದ್ದ ದಿನ ದೊಡ್ಡ ಪರೀಕ್ಷೆ ಕಾದಿರುವುದು ಮೇಲೆ, ದೋಣಿಯ ಏಣಿಯ ಬಳಿ. ಇವತ್ತು ಡೈವ್ ಮಾಡಬಹುದೇ ಎಂಬುದನ್ನು ಮರಳಿ ದೋಣಿ ಹತ್ತಲಾದೀತೇ ಎಂಬುದನ್ನು ನೋಡಿಯೇ ತೀರ್ಮಾನಿಸಬೇಕು ಎನ್ನುವುದು ನನ್ನ ವಾದ. ಇಳಿಯುವುದು ಯಾವ ಕಡಲಿನಲ್ಲೂ ಸುಲಭ. ದೋಣಿಯ ಅಂಚಿನಿಂದ ಹಿಂದಕ್ಕೆ ಬಿದ್ದರಾಯಿತು. ಹತ್ತುವುದಕ್ಕೆ ಅಂಥ ಸಲೀಸು ದಾರಿಯಿಲ್ಲ. ನೇತ್ರಾಣಿಯಂಥ ಬಂಡೆಗಳ ದ್ವೀಪದಲ್ಲಿ ಈಜಿ ದಡ ಸೇರುತ್ತೇನೆ ಎನ್ನುವ ಹಾಗೂ ಇಲ್ಲ.

ಏಣಿ ಯಾಕೆ ಅಪಾಯಕಾರಿ? ನೀರಿನಲ್ಲಿ ತೇಲುತ್ತಿರುವ ಮನುಷ್ಯ ಅಲೆಯ ಜೊತೆಗೇ ಏರಿ ಇಳಿಯುತ್ತಾನೆ. ದೋಣಿಗೆ ತನ್ನದೇ ತೂಕ, ತನ್ನದೇ ಓಲಾಟದ ಲಯ. ಎರಡೂ ಹೊಂದುವುದಿಲ್ಲ. ಅವನು ಅಲೆಯ ತಗ್ಗಿನಲ್ಲಿರುವಾಗ ದೋಣಿ ವಾಲಿ, ಏಣಿಯ ಕೆಳತುದಿ ನೀರಿನಿಂದ ಮೇಲೆದ್ದು, ಮರುಗಳಿಗೆ ಅವನ ತಲೆಯ ಮೇಲೋ ಹೆಗಲ ಮೇಲೋ ಬಡಿಯಬಹುದು. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ನಿನ್ನೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಎಂಬ ಮಾತು ಇಲ್ಲಿ ಮೋಸ ಮಾಡುತ್ತದೆ. ಇನ್ನೊಂದು ಸಂಗತಿ ಭಾರದ್ದು. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ ಸುಮಾರು 14 ಕಿಲೋ. ಗಾಳಿ ತುಂಬಿ ತೇಲಿಸುವ ಜಾಕೆಟ್, ಉಸಿರಾಡುವ ರೆಗ್ಯುಲೇಟರ್, ಸೊಂಟದ ಸೀಸದ ತೂಕ ಸೇರಿದರೆ 20 ಕಿಲೋ ದಾಟುತ್ತದೆ. ನೀರು ಹೊತ್ತುಕೊಂಡಿದ್ದ ಈ ಭಾರ ಏಣಿಯ ಎರಡನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಪೂರ್ತಿಯಾಗಿ ಬೆನ್ನಿನ ಮೇಲೆ ಬೀಳುತ್ತದೆ, ಅದೂ ದಣಿದ, ಚಳಿ ಹತ್ತಿದ ಮೈಯ ಮೇಲೆ.

ಆದ್ದರಿಂದ ಅನುಭವಿಗಳ ಪದ್ಧತಿಗಳಿಗೆ ಒಂದೊಂದಕ್ಕೂ ಕಾರಣವಿದೆ. ಮೇಲೆ ಬಂದ ತಕ್ಷಣ ಜಾಕೆಟ್‌ಗೆ ಗಾಳಿ ತುಂಬಬೇಕು. ಮಾಸ್ಕ್ ಮುಖದಲ್ಲೇ, ರೆಗ್ಯುಲೇಟರ್ ಬಾಯಲ್ಲೇ ಇರಬೇಕು, ಏಕೆಂದರೆ ಮುಖಕ್ಕೆ ರಾಚುವ ಒಂದು ಅಲೆ ಸಾಕು ನೀರು ಕುಡಿದು ಗಾಬರಿಯಾಗಲು. ಇಂಜಿನ್ ನಿಂತಿದೆ ಎಂದು ದೋಣಿಯವರು ಸನ್ನೆ ಮಾಡುವವರೆಗೆ ಹತ್ತಿರ ಸುಳಿಯಬಾರದು. ದೋಣಿಯ ಹಿಂದೆ ತೇಲುಬುಗ್ಗೆ ಕಟ್ಟಿದ ಹಗ್ಗವೊಂದು ಬಿಟ್ಟಿದ್ದರೆ ಅದನ್ನು ಹಿಡಿದು ಸರದಿ ಕಾಯಬಹುದು. ಹರಿವಿಗೆ ಎದುರಾಗಿ ಈಜಿ ಸುಸ್ತಾಗಬೇಕಿಲ್ಲ. ಏಣಿಯ ನೇರ ಕೆಳಗೆ ಯಾರೂ ಇರಕೂಡದು, ಮೇಲೆ ಹತ್ತುತ್ತಿರುವವನು ಜಾರಿದರೆ ಅವನ ಸಿಲಿಂಡರ್ ಕೆಳಗಿನವನ ತಲೆಗೇ ಬರುತ್ತದೆ. ಕಾಲಿನ ಫಿನ್‌ಗಳನ್ನು ಏಣಿ ಕೈಗೆ ಸಿಗುವ ಮೊದಲೇ ಕಳಚುವುದು ದೊಡ್ಡ ತಪ್ಪು. ಕೈ ತಪ್ಪಿ ದೋಣಿಯಿಂದ ದೂರ ಸರಿದರೆ ಮರಳಿ ಬರಲು ಇರುವುದು ಅವು ಮಾತ್ರ. ನಡುವೆ ಒಂದೇ ಕಂಬವಿದ್ದು ಎರಡೂ ಬದಿಗೆ ಮೆಟ್ಟಿಲು ಚಾಚಿದ ಏಣಿಯಾದರೆ ಫಿನ್ ತೊಟ್ಟೇ ಹತ್ತಬಹುದು. ಒರಟು ಕಡಲಿಗೆ ಹೋಗುವ ದೋಣಿಗಳಲ್ಲಿ ಇಂಥದ್ದೇ ಇರಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ದೋಣಿಯ ಹುಡುಗರು ಎಳೆದುಕೊಳ್ಳುತ್ತಾರಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಶಾಂತ ನೀರಿನಲ್ಲಿ ಅದು ನಡೆಯುತ್ತದೆ. ಓಲಾಡುವ ಸಣ್ಣ ದೋಣಿಯಲ್ಲಿ ಮೂವರು ಒಂದೇ ಬದಿಗೆ ಬಾಗಿ ಒಬ್ಬನನ್ನು ಭಾರಸಮೇತ ಎಳೆದರೆ ದೋಣಿಯೇ ಆ ಕಡೆಗೆ ವಾಲುತ್ತದೆ, ಎಳೆಯುವವನೂ ನೀರಿಗೆ ಬೀಳಬಹುದು. ಹಾಗಾದರೆ ಭಾರ ತಗ್ಗಿಸಲು ನೀರಿನಲ್ಲೇ ಜಾಕೆಟ್ ಕಳಚಿಕೊಟ್ಟರೆ ತೇಲಿಸುವ ಆಧಾರವೇ ಹೋಗುವುದಿಲ್ಲವೇ? ಈ ಆಕ್ಷೇಪ ಗಟ್ಟಿಯಾದದ್ದು. ಉತ್ತರ ಇರುವುದು ಅನುಕ್ರಮದಲ್ಲಿ: ಮೊದಲು ಸೀಸದ ತೂಕ ದೋಣಿಗೆ ಹೋಗಬೇಕು, ಆಮೇಲೆ ಗಾಳಿ ತುಂಬಿದ ಜಾಕೆಟ್. ತೂಕ ಮೈಮೇಲೆ ಇಟ್ಟುಕೊಂಡು ಜಾಕೆಟ್ ಬಿಟ್ಟವನು ಕಲ್ಲಿನಂತೆ ಕೆಳಗಿಳಿಯುತ್ತಾನೆ. ತೂಕ ಬಿಟ್ಟವನನ್ನು ವೆಟ್‌ಸೂಟ್ ತೇಲಿಸುತ್ತದೆ. ಈಜು ಬಾರದೆ, ಬರೀ ಟೀಶರ್ಟ್‌ನಲ್ಲಿ ಇಳಿದ ಪ್ರವಾಸಿಗೆ ವೆಟ್‌ಸೂಟಿನ ಆಸರೆಯೂ ಇಲ್ಲ. ತರಬೇತುದಾರ ನೀರಿನಲ್ಲೇ ನಿಂತು ಅವನನ್ನು ಹಿಡಿದಿರದೆ ಜಾಕೆಟ್‌ಗೆ ಕೈ ಹಚ್ಚಬಾರದು.

ಕಡಲು ಒರಟಾಗಿದ್ದರೆ ಹೋಗದಿದ್ದರಾಯಿತು ಎಂಬ ಮಾತೂ ಇದೆ. ಸರಿಯೇ, ಆದರೆ ಬೆಳಿಗ್ಗೆ ಶಾಂತವಾಗಿದ್ದ ಕಡಲು ಹಾಗೇ ಇರುವುದಿಲ್ಲ. ಕೊಂಕಣ, ಕೆನರಾ ಕರಾವಳಿಯಲ್ಲಿ ಹೊತ್ತೇರಿದಂತೆ ಕಡಲಗಾಳಿ ಬಲವಾಗುತ್ತದೆ. ನೀರಿನೊಳಗೆ ಕಳೆದ ಮುಕ್ಕಾಲು ಗಂಟೆಯಲ್ಲಿ ಮೇಲಿನ ಚಿತ್ರ ಬದಲಾಗಿರಬಹುದು. ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದಲೆಗಳು ಇಲ್ಲಿಗೆ ತಲುಪುತ್ತವೆ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ, ಮೀನುಗಾರರು ಅದನ್ನು ಬಳಸುತ್ತಾರೆ, ಪ್ರವಾಸಿಗರೂ ನೋಡಬಹುದು. ಮಳೆಗಾಲ ಸಮೀಪಿಸುವ ಮೇ ಕೊನೆಯ ವಾರಗಳು ವಿಶೇಷ ಎಚ್ಚರ ಬೇಡುತ್ತವೆ. 2022ರ ಮೇ 24ರಂದು ತಾರ್ಕರ್ಲಿ ಬಳಿ ಸ್ಕೂಬಾ ಮುಗಿಸಿ ಮರಳುತ್ತಿದ್ದ 20 ಜನರ ದೋಣಿ ಮಗುಚಿ ಇಬ್ಬರು ಸತ್ತರು. ಅದು ಏಣಿಯ ಅಪಘಾತವಲ್ಲ; ಆದರೆ ಡೈವ್ ಮುಗಿದ ಮೇಲೂ ಕಡಲಿನ ಲೆಕ್ಕ ಮುಗಿದಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಭಿವಂಡಿಯಂಥ ಊರಿನಿಂದ ಹೊರಡುವವರಿಗೆ ಒಂದು ಹೆಚ್ಚಿನ ತೊಡಕಿದೆ. ಮಾಲ್ವಣಕ್ಕೇ ಸುಮಾರು 500 ಕಿಲೋಮೀಟರ್ ಪ್ರಯಾಣ, ಮುಂಗಡ ಕೊಟ್ಟ ಹಣ, ಭಾನುವಾರ ರಾತ್ರಿಗೆ ಕಾಯ್ದಿರಿಸಿದ ವಾಪಸು ಟಿಕೆಟ್. ಬೇಡ ಎನ್ನಬೇಕಾದ ಹೊತ್ತಿನಲ್ಲಿ ಇವೆಲ್ಲ ಹೋಗು ಎಂದು ತಳ್ಳುತ್ತವೆ. ಹವಾಮಾನ ಕೆಟ್ಟರೆ ಹಣ ಮರಳುವುದೇ ಎಂದು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ, ಡೈವ್‌ಗೆ ಒಂದು ಬೆಳಗಿನ ಬದಲು ಎರಡನ್ನು ಇಟ್ಟುಕೊಳ್ಳಿ, ದೋಣಿ ಹತ್ತಿದ ಕೂಡಲೇ ಏಣಿ ಎಲ್ಲಿ ಕಟ್ಟುತ್ತಾರೆ, ನೀರಿನೊಳಗೆ ಅದು ಎಷ್ಟು ಇಳಿಯುತ್ತದೆ ಎಂದು ತೋರಿಸಲು ಹೇಳಿ.